ಸೋಮವಾರಪೇಟೆಯ ಆಂಥೂರಿಯಂ ಬೆಂಗಳೂರಿನಲ್ಲಿ ಕಪ್ಪಾಗುವುದೇಕೆ?

ಪ್ರಶ್ನೆ: ಸೋಮವಾರಪೇಟೆ ಸಮೀಪ, ಕಾಫಿ ತೋಟದ ಅಂಚಿನಲ್ಲಿ ನೆರಳುಬಲೆಯಡಿ ಬೆಳೆದ ನಮ್ಮ ಆಂಥೂರಿಯಂ ಹೂಗಳು ಬೆಂಗಳೂರು ತಲುಪುವಷ್ಟರಲ್ಲಿ ಕಪ್ಪಾಗುತ್ತಿರುವುದರಿಂದ ವ್ಯಾಪಾರಿಗಳು ದರ ಇಳಿಸುತ್ತಿದ್ದಾರೆ. ದೋಷವೆಲ್ಲಿದೆ?

ಉತ್ತರ: ಗುಲಾಬಿಯೊಂದಿಗೆ ಶೀತಲ ವಾಹನದಲ್ಲಿ ಕಳುಹಿಸುತ್ತಿರುವಿರಾ? ಗುಲಾಬಿಗೆ 2ರಿಂದ 4 ಡಿಗ್ರಿ ಹಿತವಾದರೂ, ಉಷ್ಣವಲಯದ ಆಂಥೂರಿಯಂ ಸುಮಾರು 13 ಡಿಗ್ರಿಗಿಂತ ಕೆಳಗೆ ಶೀತಾಘಾತಕ್ಕೆ ತುತ್ತಾಗಿ ಬಣ್ಣಗೆಡುತ್ತದೆ.

ಪ್ರಶ್ನೆ ಕೇಳಿದವರು: ಹೌದು, ಅದೇ ವಾಹನ.

ಮತ್ತೊಂದು ಉತ್ತರ: ಕೊಯ್ಲಿನ ಹಂತವನ್ನೂ ಗಮನಿಸಿ. ಹೂವಿನ ನಡುವೆ ಕಡ್ಡಿಯಂತೆ ನಿಂತಿರುವ ಹೂದಿಂಡಿನ ಮುಕ್ಕಾಲು ಭಾಗ ಬಣ್ಣ ಬದಲಿಸಿದ ಬಳಿಕವೇ ಕತ್ತರಿಸಬೇಕು. ಎಳೆಯ ಹೂ ಬೇಗ ಬಾಡುತ್ತದೆ. ಮುಂಗಾರಿನಲ್ಲಿ ಎಲೆಗಳು ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುವ ನಮ್ಮ ಜಿಲ್ಲೆಯಲ್ಲಿ ದುಂಡಾಣು ಅಂಗಮಾರಿಯ (ಬ್ಯಾಕ್ಟೀರಿಯಾದಿಂದ ಬರುವ ಗಿಡದ ರೋಗ) ಭಯವೂ ಇರುವುದರಿಂದ, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದಿರಿ. ನನಗಂತೂ ಕುಂಡದ ಗಿಡಗಳನ್ನು ಮಡಿಕೇರಿಯ ಹೋಂಸ್ಟೇಗಳಿಗೆ ಮಾರುವುದೇ ನಿರಾಳವೆನಿಸಿದೆ.