ಅಡಿಕೆ ಚೊಗರಿನ ಬಣ್ಣ ಕೈನೂಲಿನ ಮೇಲೆ ನಿಲ್ಲಬೇಕಾದರೆ ಏನು ಮಾಡಬೇಕು?

ತುಂಗಾತೀರ (ಕೊಪ್ಪ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ಮನೆಯವಳು. ಮನೆಗೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಪೆಟ್ಟಿಗೆ ಚರಕದಲ್ಲಿ ಹತ್ತಿಯ ಹಂಜಿಯಿಂದ (ನೂಲಲು ಸುರುಳಿ ಮಾಡಿಟ್ಟ ಹತ್ತಿಯಿಂದ) ನೂಲು ತೆಗೆಯುತ್ತೇನೆ. ಈಚೆಗೆ ಮೇಜಿನ ಮೇಲಿಟ್ಟು ನೇಯುವಂಥ ಸಣ್ಣ ಮಗ್ಗವೂ ಮನೆಗೆ ಬಂದಿದೆ.

ಹಸಿ ಅಡಿಕೆಯನ್ನು ಸುಲಿದು ಬೇಯಿಸುವ ಕಾಲದಲ್ಲಿ ಹಂಡೆಯಲ್ಲಿ ಉಳಿಯುವ ಚೊಗರಿನಿಂದ ನೂಲಿಗೆ ಬಣ್ಣ ಹಾಕಬೇಕೆಂಬುದು ನನ್ನ ಬಹಳ ದಿನದ ಆಸೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯವರು ಚೊಗರಿನಿಂದ ಬಣ್ಣ ಹಾಕಿದ ಕೈಮಗ್ಗದ ಬಟ್ಟೆಯನ್ನು ನೋಡಿದ ಮೇಲೆ ಆ ಆಸೆ ಇನ್ನೂ ಬಲವಾಯಿತು. ಕಳೆದ ಕೊಯ್ಲಿನಲ್ಲಿ ಒಂದು ಲಡಿಯನ್ನು (ಸುತ್ತಿಟ್ಟ ನೂಲಿನ ಕಟ್ಟನ್ನು) ಗಟ್ಟಿ ಚೊಗರಿನಲ್ಲಿ ಕುದಿಸಿ ಒಣಗಿಸಿದಾಗ ಸೊಗಸಾದ ಕಂದುಗೆಂಪು ಬಣ್ಣವೇ ಬಂದಿತ್ತು. ಆದರೆ ತೊಳೆದಾಗಲೆಲ್ಲ ನೀರು ಕೆಂಪಾಗುತ್ತ ಹೋಗಿ, ಈಗ ಲಡಿಯಲ್ಲಿ ಮಾಸಲು ಗುಲಾಬಿಯಷ್ಟೇ ಉಳಿದಿದೆ. ಅಡಿಕೆ ಸುಲಿಯಲು ಕೂರುವವರ ಸೀರೆ, ಪಂಚೆಗಳಿಗೆ ಹತ್ತಿದ ಕಲೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಹಾಗಿರುವಾಗ ಬೇಕೆಂದೇ ಹಾಕಿದ ಬಣ್ಣ ಏಕೆ ನಿಲ್ಲುತ್ತಿಲ್ಲ?

ಇದರ ಜೊತೆಗೆ ಇನ್ನೆರಡು ವಿಷಯ ತಿಳಿಯಬೇಕಾಗಿದೆ. ನೂಲಿಗೇ ಬಣ್ಣ ಹಾಕಿ ನೇಯುವುದು ಒಳ್ಳೆಯದೋ, ನೇಯ್ದ ಬಟ್ಟೆಗೆ ಹಾಕುವುದು ಒಳ್ಳೆಯದೋ? ನಮ್ಮ ಮಾವನವರಿಗೆ ಒಂದು ಜುಬ್ಬ ಹೊಲಿದುಕೊಡಬೇಕೆಂದಿದ್ದೇನೆ. ಅದಕ್ಕೆ ಎಷ್ಟು ನೂಲು ಬೇಕಾದೀತು?

ನೀಲಿಗಿಡ (ಹಾಸನ) ಅವರ ಉತ್ತರ:

ತುಂಗಾತೀರ ಅವರೇ, ನಿಮ್ಮ ಮೊದಲ ಪ್ರಶ್ನೆಯೊಳಗೇ ಅದರ ಉತ್ತರದ ಅರ್ಧ ಇದೆ. ಸುಲಿಯುವವರು ಉಡುವುದು ಹತ್ತಾರು ಸಲ ಒಗೆದು ಹಳೆಯದಾದ ಬಟ್ಟೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ಇರುವ ಮೇಣ ಮತ್ತು ಜಿಡ್ಡಿನ ಅಂಶ ಆ ಬಟ್ಟೆಯಿಂದ ಎಂದೋ ಹೋಗಿರುತ್ತದೆ. ಆದ್ದರಿಂದ ಹಸಿ ಅಡಿಕೆಯ ರಸ ಎಳೆಯ ಒಳಕ್ಕೆ ಇಳಿಯುತ್ತದೆ, ದಿನದಿನವೂ ಮತ್ತೆ ತಾಗಿ ಗಾಳಿ ಬಿಸಿಲಿಗೆ ಬಲಿಯುತ್ತದೆ. ನಿಮ್ಮ ಕೈನೂಲು ಹಂಜಿಯಿಂದ ನೇರವಾಗಿ ಬಂದದ್ದು, ಅದರಲ್ಲಿ ಮೇಣ ಹಾಗೆಯೇ ಇದೆ. ಗಟ್ಟಿ ಚೊಗರು ಅದರ ಮೇಲೆ ಲೇಪದಂತೆ ಕೂತು ಒಣಗಿತೇ ಹೊರತು ಒಳಗೆ ಸೇರಲಿಲ್ಲ.

ಆದ್ದರಿಂದ ಬಣ್ಣಕ್ಕೆ ಮೊದಲು ನೂಲನ್ನು ಬೇಯಿಸಿ ಶುದ್ಧ ಮಾಡಿಕೊಳ್ಳಬೇಕು. ಲಡಿಯನ್ನು ನಾಲ್ಕೈದು ಕಡೆ ಸಡಿಲವಾಗಿ, ಎಂಟರ ಆಕಾರದಲ್ಲಿ ದಾರ ಕಟ್ಟಿಕೊಂಡು, 100 ಗ್ರಾಂ ನೂಲಿಗೆ 3 ಗ್ರಾಂನಷ್ಟು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ಮೆಲ್ಲನೆ ಕುದಿಸಿ. ಹತ್ತಿ ಬೆಳ್ಳಗೆ ಕಾಣುತ್ತಿದ್ದರೂ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಹೊರಬಂದ ಮೇಣ ಮತ್ತು ಜಿಡ್ಡಿನ ಗುರುತು ಅದು. ಚೆನ್ನಾಗಿ ಜಾಲಿಸಿ ಒಣಗಿಸಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನಂತೆ ನಿಂತರೆ ಇನ್ನೊಮ್ಮೆ ಬೇಯಿಸಬೇಕು, ತಕ್ಷಣ ಹೀರಿಕೊಂಡರೆ ನೂಲು ಸಿದ್ಧವಾಗಿದೆ.

ಎರಡನೆಯ ಕೊರತೆ ಪಟಿಕದ್ದು. ಚೊಗರಿನಲ್ಲಿರುವುದು ಮುಖ್ಯವಾಗಿ ಟ್ಯಾನಿನ್, ಅಂದರೆ ಬಾಯಿಗೆ ಒಗರಾಗುವ ಅಂಶ. ಅದು ಹತ್ತಿಯನ್ನು ತಾನಾಗಿ ಸ್ವಲ್ಪ ಮಟ್ಟಿಗೆ ಹಿಡಿಯುತ್ತದಾದರೂ ಪಟಿಕದ ಅಲ್ಯೂಮಿನಿಯಂ ಜೊತೆಗೂಡಿದಾಗ ನೀರಿನಲ್ಲಿ ಕರಗದ ಸಂಯುಕ್ತವಾಗಿ ಎಳೆಯೊಳಗೆ ಉಳಿದುಕೊಳ್ಳುತ್ತದೆ. ಬೇರೆ ಬಣ್ಣಗಳಿಗಾದರೆ ಮೊದಲು ಅಳಲೆಕಾಯಿಯ ಕಷಾಯದಲ್ಲಿ ನೂಲನ್ನು ನೆನೆಸಿ, ಆಮೇಲೆ ಪಟಿಕದಲ್ಲಿ ಅದ್ದುವುದು ವಾಡಿಕೆ. ಚೊಗರೇ ಒಗರಾದ್ದರಿಂದ ನೀವು ಅಳಲೆಕಾಯಿ ಬಿಡಬಹುದು. ಹಾಕಿದರೆ ಬಣ್ಣಕ್ಕೆ ತುಸು ಹಳದಿಯ ಛಾಯೆ ಸೇರುತ್ತದೆ. ತೆಳು ಚೊಗರು, ಅನಂತರ ಪಟಿಕ, ಕೊನೆಗೆ ಮತ್ತೆ ಚೊಗರು ಎಂಬ ಕ್ರಮ ನನಗೆ ಹಿತವೆನಿಸಿದೆ. 100 ಗ್ರಾಂ ನೂಲಿಗೆ 15 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ 2 ಗ್ರಾಂ ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಬೇಕು. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆ ಬೇಕಾಗುತ್ತದೆ. ನೂಲು ಅದರಲ್ಲಿ ಒಂದು ರಾತ್ರಿ ನೆನೆಯಲಿ.

ಚೊಗರನ್ನು ಬಟ್ಟೆಯಲ್ಲಿ ಸೋಸಿ, ನೂಲಿನ ತೂಕದ 20ರಿಂದ 30 ಪಟ್ಟು ನೀರಾಗುವಂತೆ ತೆಳುಮಾಡಿ, ಸ್ಟೀಲ್ ಪಾತ್ರೆಯಲ್ಲೇ ಕಾಯಿಸಿ. ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಒಂದು ಗಂಟೆ ಇಟ್ಟು, ಆಗಾಗ ಲಡಿಯನ್ನು ತಿರುಗಿಸುತ್ತಿದ್ದು, ಅದೇ ನೀರಿನಲ್ಲಿ ಆರಲು ಬಿಡಿ. ಪ್ರತಿ ಮನೆಯ ಚೊಗರಿನ ಗಟ್ಟಿತನವೂ ಬೇರೆಯಾದ್ದರಿಂದ ಮೊದಲು ಗೇಣುದ್ದದ ನೂಲುಗಳಲ್ಲಿ ಪರೀಕ್ಷಿಸಿ, ಅಳತೆಯ ಸಮೇತ ಒಂದು ಪುಸ್ತಕಕ್ಕೆ ಅಂಟಿಸಿಟ್ಟುಕೊಳ್ಳುವುದು ಬಹಳ ಉಪಯುಕ್ತ.

ಸುಲಿಯುವವರ ಬೆರಳು ಮೆಟ್ಟುಗತ್ತಿ ತಾಗಿದ ಕಡೆ ಕಪ್ಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಒಗರು ಮತ್ತು ಕಬ್ಬಿಣ ಸೇರಿದಾಗ ಬರುವ ಕಪ್ಪು ಅದು. ಬಣ್ಣ ಹಾಕಿದ ನೂಲನ್ನು ಅನ್ನಭೇದಿ ಎಂಬ ಕಬ್ಬಿಣದ ಲವಣದ ನೀರಿನಲ್ಲಿ ಐದು ನಿಮಿಷ ಅದ್ದಿದರೆ ಅದೇ ಕಾರಣದಿಂದ ಬೂದು ಛಾಯೆಯ ಗಾಢ ಕಂದು ಸಿಗುತ್ತದೆ. ಆದರೆ 100 ಗ್ರಾಂ ನೂಲಿಗೆ ಒಂದು ಅಥವಾ ಎರಡು ಗ್ರಾಂ ಅನ್ನಭೇದಿಯನ್ನು ಮೀರಬಾರದು, ಹೆಚ್ಚಾದ ಕಬ್ಬಿಣ ಕಾಲಕ್ರಮದಲ್ಲಿ ಹತ್ತಿಯ ಎಳೆಯನ್ನು ಜೀರ್ಣಗೊಳಿಸುತ್ತದೆ.

ಯಾರಾದರೂ ಅರಿಶಿನ ಬೆರೆಸಲು ಹೇಳಿದರೆ ಒಪ್ಪಬೇಡಿ. ಅದು ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕುವ ನಮಗೆ ಇದು ಹೊಸ ವಿಷಯವೇನಲ್ಲ.

ಬಯಲಂಚು (ಕಡೂರು) ಅವರ ಉತ್ತರ:

ನೀಲಿಗಿಡ ಅವರು ಬಣ್ಣದ ವಿಷಯವನ್ನು ವಿವರವಾಗಿ ಹೇಳಿರುವುದರಿಂದ ನಾನು ಮಗ್ಗಕ್ಕೆ ಬರುತ್ತೇನೆ.

ನನ್ನ ಅಭಿಪ್ರಾಯದಲ್ಲಿ ನೂಲಿಗೇ ಬಣ್ಣ ಹಾಕಬೇಕು, ಅದೂ ಹೊಕ್ಕಿಗೆ, ಅಂದರೆ ಅಡ್ಡಕ್ಕೆ ನೇಯುವ ಎಳೆಗೆ ಮಾತ್ರ. ಹಾಸಿನ, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳು ಮಗ್ಗದ ಮೇಲೆ ಬಿಗಿಯಾಗಿ ನಿಂತು ಬಾಚಣಿಗೆಯಂಥ ಹಣಿಗೆಯ ಹಲ್ಲಿಗೆ ನಿರಂತರ ಉಜ್ಜಿಕೊಳ್ಳುತ್ತವೆ. ಮತ್ತೆ ಮತ್ತೆ ಕುದಿಸಿದ ಕೈನೂಲು ಒಂಟಿ ಎಳೆಯಾಗಿದ್ದರೆ ಅದನ್ನು ತಾಳಿಕೊಳ್ಳುವುದು ಕಷ್ಟ, ಅನ್ನಭೇದಿ ಕಂಡ ನೂಲಿಗಂತೂ ಇನ್ನೂ ಕಷ್ಟ. ಹಾಸನ್ನು ಹತ್ತಿಯ ಸಹಜ ಬಣ್ಣದಲ್ಲೇ ಬಿಟ್ಟು ಚೊಗರಿನ ನೂಲನ್ನು ಹೊಕ್ಕಿಗೆ ಬಳಸಿದರೆ ಬಣ್ಣ ಕಣ್ಣಿಗೆ ಮೃದುವಾಗಿಯೂ ಕಾಣುತ್ತದೆ, ಲಡಿಯಿಂದ ಲಡಿಗೆ ಇರುವ ಸಣ್ಣ ವ್ಯತ್ಯಾಸವೂ ಬಟ್ಟೆಯಲ್ಲಿ ಚೆಂದವಾಗಿ ಹರಡಿಕೊಳ್ಳುತ್ತದೆ. ಎರಡು ಮೂರು ಲಡಿಗಳಿಂದ ಸರದಿಯಲ್ಲಿ ಲಾಳಿ ತುಂಬಿಸಿಕೊಳ್ಳಿ.

ಹಾಸಿನ ಎಳೆಗಳಿಗೆ ಗಂಜಿ ಕೊಡದೆ ಮಗ್ಗಕ್ಕೆ ಏರಿಸಬೇಡಿ. ನಮ್ಮ ಕಡೆ ಕುರುಬರು ಕಂಬಳಿ ನೇಯುವಾಗ ಉಣ್ಣೆಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಹಚ್ಚಿ ಒಣಗಿಸುತ್ತಾರೆ. ಹತ್ತಿಗೆ ಅಕ್ಕಿಯ ತೆಳು ಗಂಜಿ ಸಾಕು. ಒಣಗುವ ಮೊದಲೇ ಎಳೆಗಳನ್ನು ಬಿಡಿಸುವುದನ್ನು ಮರೆಯಬೇಡಿ.

ಇನ್ನು ನೂಲಿನ ಲೆಕ್ಕ. ಖಾದಿಯಲ್ಲಿ ಒಂದು ಲಡಿ ಎಂದರೆ 1,000 ಮೀಟರ್. ಅಂಥ ಎಷ್ಟು ಲಡಿಗಳು ಒಂದು ಕಿಲೋ ತೂಗುತ್ತವೆಯೋ ಅದೇ ಆ ನೂಲಿನ ನಂಬರು. ಜುಬ್ಬಕ್ಕೆ 90 ಸೆಂಟಿಮೀಟರ್ ಅಗಲದ 3 ಮೀಟರ್ ಬಟ್ಟೆ ಎಂದಿಟ್ಟುಕೊಳ್ಳಿ. ಸೆಂಟಿಮೀಟರಿಗೆ 10 ಎಳೆಯಂತೆ ಹಾಸಿನಲ್ಲಿ 900 ಎಳೆಗಳು, 2,700 ಮೀಟರ್ ನೂಲು, ಹೊಕ್ಕಿಗೂ ಅಷ್ಟೇ. ಮಗ್ಗದ ತುದಿಯಲ್ಲಿ ಉಳಿದುಹೋಗುವುದು, ನೇಯ್ಗೆಯ ಬಾಗಿನಲ್ಲಿ ಕುಗ್ಗುವುದು ಎಲ್ಲ ಸೇರಿ 6,500 ಮೀಟರ್ ಇಟ್ಟುಕೊಂಡರೆ ಆರೂವರೆ ಲಡಿಯಾಯಿತು. 20ನೇ ನಂಬರಿನ ನೂಲಾದರೆ ಅದರ ತೂಕ ಸುಮಾರು 325 ಗ್ರಾಂ. ನಿಮ್ಮ ಮಗ್ಗದ ಅಗಲ 45 ಸೆಂಟಿಮೀಟರ್ ಮಾತ್ರ ಇದ್ದರೆ 6 ಮೀಟರ್ ಉದ್ದ ನೇಯ್ದುಕೊಳ್ಳಿ, ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಕಂಬಳಿಯೂ ಎರಡು ಪಟ್ಟಿಗಳನ್ನು ಕೂಡಿಸಿ ಹೊಲಿದದ್ದೇ ಆಗಿರುವುದರಿಂದ ಅಗಲ ಸಾಲದೆಂದು ಚಿಂತಿಸಬೇಕಾಗಿಲ್ಲ.

ಕಾಫಿಹೂ (ಸಕಲೇಶಪುರ) ಅವರ ಉತ್ತರ:

ಹೊಲಿಗೆಯ ಬಗ್ಗೆ ಎರಡು ಮಾತು. ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಕತ್ತರಿಸುವ ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿ ಬಿಡಿಸಿ, ನೆರಳಿನಲ್ಲಿ ಒಣಗಿಸಲೇಬೇಕು. ಕೈನೂಲಿನ ಬಟ್ಟೆ ಮೊದಲ ತೊಳೆತದಲ್ಲಿ ಎದ್ದು ಕಾಣುವಷ್ಟು ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಮಾವನವರ ಜುಬ್ಬ ಕಂಕುಳಲ್ಲಿ ಹಿಡಿಯುತ್ತದೆ. ಅಂಚಿನ ಎಳೆಗಳು ಸುಲಭವಾಗಿ ಬಿಚ್ಚಿಕೊಳ್ಳುವ ಬಟ್ಟೆ ಇದಾದ್ದರಿಂದ, ಮೊದಲು ಹೊರಮೈಯಲ್ಲಿ ಸಣ್ಣದಾಗಿ ಹೊಲಿದು, ಅಂಚನ್ನು ಒಳಕ್ಕೆ ಮಗುಚಿ ಇನ್ನೊಂದು ಹೊಲಿಗೆ ಹಾಕುವ ಪದ್ಧತಿಯೇ ಉತ್ತಮ. ಹಳೆಯ ಮಾದರಿಯ ಜುಬ್ಬದಲ್ಲಿ ಮೈ, ತೋಳು, ಪಕ್ಕದ ಪಟ್ಟಿ ಎಲ್ಲವೂ ನೇರ ತುಂಡುಗಳೇ. ನೀವು ನೂತ ನೂಲು ಹೆಚ್ಚು ವ್ಯರ್ಥವಾಗದಂತೆ ಆ ಮಾದರಿಯನ್ನೇ ಆರಿಸಿಕೊಳ್ಳಿ. ತೊಳೆಯಲು ಅಂಟುವಾಳಕಾಯಿಯನ್ನೇ ಬಳಸಿ, ಕ್ಷಾರವಿರುವ ಬಾರ್ ಸೋಪಿಗೆ ಚೊಗರಿನ ಬಣ್ಣ ಛಾಯೆ ಬದಲಿಸುತ್ತದೆ.

ತುಂಗಾತೀರ (ಕೊಪ್ಪ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊಕ್ಕಿಗೆ ಮಾತ್ರ ಬಣ್ಣ ಹಾಕುವ ಸಲಹೆ ನನಗೆ ಬಹಳ ಹಿಡಿಸಿತು, ಹಾಗೆಯೇ ಮಾಡುತ್ತೇನೆ. ಇನ್ನೊಂದು ಸಂದೇಹವಿದೆ. ನಮ್ಮ ಬಾವಿಯ ನೀರು ಕೆಲವೊಮ್ಮೆ ಕೆಂಪಗೆ ಬರುತ್ತದೆ, ಪಾತ್ರೆಗಳಲ್ಲಿ ತುಕ್ಕಿನ ಬಣ್ಣದ ಗೆರೆ ಕೂರುತ್ತದೆ. ಈ ನೀರು ಬಣ್ಣದ ಕೆಲಸಕ್ಕೆ ಆದೀತೇ?

ನೀಲಿಗಿಡ (ಹಾಸನ):

ಅದರಲ್ಲಿ ಕಬ್ಬಿಣದ ಅಂಶವಿರುವ ಸಾಧ್ಯತೆ ಹೆಚ್ಚು, ಹಾಗಿದ್ದರೆ ನೀವು ಬಯಸಿದ ಕೆಂಪು ಮಂಕಾಗಿ ಬೂದಿಯ ಕಡೆಗೆ ತಿರುಗುತ್ತದೆ. ಪರೀಕ್ಷೆ ಸುಲಭ: ಗಾಜಿನ ಲೋಟದಲ್ಲಿ ಆ ನೀರು ತೆಗೆದುಕೊಂಡು ಒಂದು ಚಿಟಿಕೆ ಅಳಲೆಕಾಯಿ ಪುಡಿ ಕದಡಿ, ಪಕ್ಕದಲ್ಲಿ ಮಳೆನೀರಿನ ಲೋಟಕ್ಕೂ ಅಷ್ಟೇ ಹಾಕಿ ಹೋಲಿಸಿ ನೋಡಿ. ಬಾವಿಯ ನೀರು ಬೂದುಗಪ್ಪಾದರೆ ಅದನ್ನು ಅನ್ನಭೇದಿ ಹಾಕುವ ಲಡಿಗಳಿಗೆ ಮಾತ್ರ ಇಟ್ಟುಕೊಳ್ಳಿ. ಜುಬ್ಬದ ನೂಲನ್ನು ಬೇಯಿಸುವುದರಿಂದ ಹಿಡಿದು ಕೊನೆಯ ಜಾಲಿಸುವಿಕೆಯವರೆಗೆ ಮಳೆನೀರೇ ಆಗಲಿ. ಅಡಿಕೆ ಬೇಯಿಸುವ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದಾದ್ದರಿಂದ ಈಗಲೇ ಮಾಡಿನ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡಿ.