ಮೊಟ್ಟೆ ಮೇಲೆ ಚಿತ್ರ ಬಿಡಿಸುವ ರೋಬಾಟ್: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಎಂಟನೇ ಕ್ಲಾಸ್ ಓದುವ ಮಗಳ ಜೊತೆ ಸೇರಿ ಮೊಟ್ಟೆ ಮೇಲೆ ಚಿತ್ರ ಬಿಡಿಸುವ ರೋಬಾಟ್ ಮಾಡಬೇಕು ಅಂತಿದ್ದೇನೆ. ಆರ್ಡುಯಿನೋ ಊನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಇದೆ, ತ್ರೀಡಿ ಪ್ರಿಂಟರ್ ಇಲ್ಲ. ಯಾವ ಮೋಟರ್ ತಗೊಳ್ಳಲಿ? ಎಲ್ಲಿ ಹುಷಾರಾಗಿರಬೇಕು?

ಉತ್ತರ: ಮೇಡಂ, ಮೋಟರ್‌ಗಿಂತ ಮೊದಲು ಚೌಕಟ್ಟು ನೋಡಿಕೊಳ್ಳಿ. 1990ರಲ್ಲಿ ಅಮೆರಿಕದ ಬ್ರೂಸ್ ಶಪೀರೋ ಮಾಡಿದ ಎಗ್‌ಬಾಟ್‌ನಿಂದ ಇವತ್ತಿನವರೆಗೂ ಉಪಾಯ ಒಂದೇ. ಮೊಟ್ಟೆ ಅಡ್ಡ ಮಲಗಿರುತ್ತದೆ, ಒಂದು ಮೋಟರ್ ಅದನ್ನು ತಿರುಗಿಸುತ್ತದೆ. ಹಿಂದೆ ನಿಂತ ಇನ್ನೊಂದು ಮೋಟರ್ ಪೆನ್ನಿನ ತೋಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತದೆ. ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ಪೆನ್ನನ್ನು ಎತ್ತುತ್ತದೆ, ಅಷ್ಟೇ.

ಎರಡೂ ಮೋಟರಿನ ಶಾಫ್ಟಿನ (ತಿರುಗುವ ಕಂಬಿಯ) ನೇರಕ್ಕೆ ಗೆರೆ ಎಳೆದರೆ ಆ ಗೆರೆಗಳು ಮೊಟ್ಟೆಯೊಳಗೆ, ನಟ್ಟನಡುವೆ ಕೂಡಬೇಕು. ಅದು ತಪ್ಪಿದರೆ ಪೆನ್ನು ಒಂದು ಕಡೆ ಚಿಪ್ಪನ್ನು ಒತ್ತುತ್ತದೆ, ಇನ್ನೊಂದು ಕಡೆ ಗಾಳಿಯಲ್ಲಿ ಬರೆಯುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿ ಮಾಡಲ್ಲ. ಪ್ಲೈವುಡ್ ಮತ್ತು ಎಲ್ ಕ್ಲಾಂಪ್ ಸಾಕು. ಆದರೆ ಮೋಟರಿನ ಸ್ಕ್ರೂ ತೂತನ್ನು ಮೇಲೆ ಕೆಳಗೆ ಉದ್ದವಾಗಿ ಕೊರೆಯಿರಿ, ಮೋಟರನ್ನು ಸರಿಸಿ ಬಿಗಿ ಮಾಡಲು ಬರಬೇಕು. ಕರೆಂಟ್ ಕೊಡುವ ಮೊದಲು ತೋಳನ್ನು ಕೈಯಲ್ಲೇ ಈ ತುದಿಯಿಂದ ಆ ತುದಿಗೆ ಆಡಿಸಿ. ಪೆನ್ನಿನ ಮೊನೆ ಎಲ್ಲೂ ಚಿಪ್ಪು ಬಿಡಬಾರದು. ಮೊಟ್ಟೆ ಪೂರ್ತಿ ಗುಂಡಗಿರಲ್ಲ ಅಲ್ವಾ, ಅದಕ್ಕೇ ಪೆನ್ನು ಹಿಡಿಯುವ ಭಾಗಕ್ಕೆ ಒಂದು ಸಡಿಲವಾದ ಕೀಲು ಬೇಕು. ಪೆನ್ನು ತನ್ನ ಭಾರಕ್ಕೇ ಕೂರಲಿ, ಸರ್ವೋ ಅದನ್ನು ಒತ್ತುವುದು ಬೇಡ.

ಮೊಟ್ಟೆ ಹಿಡಿಯಲು ಮೋಟರ್ ಕಡೆ ರಬ್ಬರ್ ಸಕ್ಷನ್ ಕಪ್, ಎದುರು ಕಡೆ ಬೇರಿಂಗ್ ಮತ್ತು ಸ್ಪ್ರಿಂಗ್. ಎದುರಿನ ಭಾಗ ಜಾರುವಂತಿದ್ದರೆ ಚಿಕ್ಕದು ದೊಡ್ಡದು ಎಲ್ಲವೂ ಕೂರುತ್ತದೆ.

ಇನ್ನೊಂದು ಉತ್ತರ: ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ. ಮೋಟರ್ ವಿಷಯ ನಾನು ಹೇಳುತ್ತೇನೆ. ಇದಕ್ಕೆ ಬೇಕಾದ್ದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್. ಅದರಲ್ಲಿ ಅಗ್ಗಕ್ಕೆ ಸಿಗುವ 28ಬಿವೈಜೆ-48 ಬೇಡ. ಒಳಗಿನ ಗೇರಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ, ದಿಕ್ಕು ಬದಲಾದಾಗಲೆಲ್ಲ ಗೆರೆ ಜಾರುತ್ತದೆ. ನೆಮಾ 17 ಅಳತೆಯ ಸ್ಟೆಪರ್ ಎರಡು ತಗೊಳ್ಳಿ, ಜೊತೆಗೆ ಊನೋ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್ ಮತ್ತು ಮೋಟರಿಗೆ ಕರೆಂಟ್ ಹರಿಸುವ ಎರಡು ಎ4988 ಡ್ರೈವರ್. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿ, ಎಲ್ಲವೂ ಸಿಗುತ್ತದೆ.

ಮೋಟರಿನ ಒಂದು ಸುತ್ತಿಗೆ 200 ಹೆಜ್ಜೆ, ಪ್ರತಿ ಹೆಜ್ಜೆಯನ್ನು ಡ್ರೈವರ್ 16 ಮೈಕ್ರೋಸ್ಟೆಪ್ (ಪುಟ್ಟ ಹೆಜ್ಜೆ) ಆಗಿ ಒಡೆದರೆ ಒಟ್ಟು 3200. ಊನೋಗೆ ಜಿಆರ್‌ಬಿಎಲ್ (ಮೋಟರ್ ನಡೆಸುವ ಪ್ರೋಗ್ರಾಂ), ಅದರಲ್ಲೂ ಸರ್ವೋ ನಡೆಸುವ ಆವೃತ್ತಿ ಹಾಕಿ, ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎನ್ನುವ ಜಾಗದಲ್ಲಿ ಎರಡೂ ಮೋಟರಿಗೆ 8.889 (3200 ಭಾಗಿಸು 360) ಕೊಡಿ. ಆಗ ಒಂದು ಮಿಲಿಮೀಟರ್ ಅಂದರೆ ಒಂದು ಡಿಗ್ರಿ. ಚಿತ್ರದ ಅಗಲ 360, ಎತ್ತರ 90 ಇಟ್ಟುಕೊಂಡರೆ ಲೆಕ್ಕ ಮಗಳಿಗೂ ಸಲೀಸು.

ಡ್ರೈವರಿನ ಪುಟ್ಟ ರೆಸಿಸ್ಟರ್ ಮೇಲೆ ಆರ್100 ಅಂತ ಇದ್ದರೆ, ವಿರೆಫ್ (ಡ್ರೈವರಿನ ಪುಟ್ಟ ತಿರುಪಿನಲ್ಲಿ ಹೊಂದಿಸುವ ವೋಲ್ಟೇಜ್) 0.4 ವೋಲ್ಟ್ ಇಟ್ಟಾಗ ಕರೆಂಟ್ ಅರ್ಧ ಆಂಪಿಯರಿಗೆ ನಿಲ್ಲುತ್ತದೆ. ಮೊಟ್ಟೆ ತಿರುಗಿಸಲು ಅಷ್ಟು ಧಾರಾಳ. ಸರ್ವೋಗೆ ಬೇರೆ 5 ವೋಲ್ಟ್ ಕೊಡಿ, ಗ್ರೌಂಡ್ ಮಾತ್ರ ಸೇರಿಸಿ. ಪವರ್ ಇರುವಾಗ ಮೋಟರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು. ಮಗಳಿಗೂ ಇದನ್ನು ಮೊದಲೇ ಹೇಳಿಡಿ.

ಮತ್ತೊಂದು ಉತ್ತರ: ನನ್ನ ಪಾಲಿಗೆ ಮೊಟ್ಟೆ ತಯಾರಿ ಅರ್ಧ ಕೆಲಸ. ಫ್ರಿಜ್‌ನಿಂದ ತೆಗೆದ ಮೊಟ್ಟೆ ಬೆವರುತ್ತದೆ, ಇಂಕು ನಿಲ್ಲಲ್ಲ. ಸೋಪು ನೀರಲ್ಲಿ ತೊಳೆದು, ಒರೆಸಿ, ಹೊರಗೇ ಇಟ್ಟು ಒಣಗಿಸಿ. ಆಮೇಲೆ ನಡುಭಾಗ ಮುಟ್ಟಬೇಡಿ, ಬೆರಳಿನ ಎಣ್ಣೆ ತಗುಲಿದ ಕಡೆ ಗೆರೆ ಮಂಕಾಗುತ್ತದೆ. ಬಿಳಿ ಫಾರಂ ಮೊಟ್ಟೆಗೆ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ಚೆನ್ನಾಗಿ ಒಪ್ಪುತ್ತದೆ. ಮಾರ್ಕರ್ ಹಾಕಿದ್ದನ್ನು ತಿನ್ನಬೇಡಿ. ಇಟ್ಟುಕೊಳ್ಳುವುದಾದರೆ ಎರಡೂ ತುದಿಗೆ ಸೂಜಿಯಲ್ಲಿ ತೂತು ಮಾಡಿ ಒಳಗಿನದನ್ನು ಊದಿ ತೆಗೆಯಿರಿ.

ಮೊದಲು ಸುಮ್ನೆ ನಡುವಿಗೆ ಒಂದು ಸುತ್ತು ಗೆರೆ ಎಳೆಸಿ. ಶುರುವಾದ ಜಾಗಕ್ಕೇ ಬಂದು ಸೇರಿದರೆ ಮೊಟ್ಟೆ ಜಾರುತ್ತಿಲ್ಲ ಎಂದರ್ಥ. ಚಿತ್ರಕ್ಕೆ ಮಲೆನಾಡಿನ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದ ಎಳೆಗಳನ್ನು ನೋಡಿ. ಗೆರೆಯೇ ಅದರ ಜೀವಾಳ, ಒಂದೇ ಪೆನ್ನಿನ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಂಕ್‌ಸ್ಕೇಪ್‌ನಲ್ಲಿ (ಕಂಪ್ಯೂಟರಿನ ಚಿತ್ರ ಬಿಡಿಸುವ ಸಾಫ್ಟ್‌ವೇರ್) ಬಿಡಿಸುವಾಗ ಎಡ ಅಂಚು ಬಲ ಅಂಚಿಗೆ ಸರಿಯಾಗಿ ಕೂಡಬೇಕು. ತುದಿಗಳ ಕಡೆ ಹೋದಷ್ಟೂ ಆಕಾರ ಅಡ್ಡಡ್ಡ ಕುಗ್ಗುತ್ತದೆ. ನಡುವಿನಿಂದ 45 ಡಿಗ್ರಿ ದೂರದಲ್ಲಿ ಅಗಲ ಸುಮಾರು 70 ಪರ್ಸೆಂಟ್ ಆಗಿರುತ್ತದೆ, ಆದ್ದರಿಂದ ಅಲ್ಲಿನ ಹೂವು ಎಲೆಗಳನ್ನು ಮೊದಲೇ ಅಗಲ ಮಾಡಿ ಬಿಡಿಸಿ.