ಬಳ್ಳಾರಿಯಲ್ಲಿದ್ದುಕೊಂಡು ಸ್ಪಾನ್ಸರ್ ಹಿಡಿಯೋದು ಹೇಗೆ?

ಕೋಟೆಗುಡ್ಡ_ಫಿಸೀಕ್:
ಬಾಡಿಬಿಲ್ಡಿಂಗ್‌ನ ಮೆನ್ಸ್ ಫಿಸೀಕ್ ವಿಭಾಗ, ರಾಜ್ಯಮಟ್ಟದಲ್ಲಿ ಐದನೇ ಸ್ಥಾನ, ಇನ್‌ಸ್ಟಾದಲ್ಲಿ 6,200 ಫಾಲೋವರ್ಸ್. ಒಂದು ಸಪ್ಲಿಮೆಂಟ್ ಕಂಪನಿ "ನಮ್ಮ ಅಥ್ಲೀಟ್ ಆಗಿ" ಅಂತ ಮೆಸೇಜ್ ಹಾಕಿದೆ. ಮೊದಲು 8,000 ರೂಪಾಯಿ ಮಾಲು ಕೊಳ್ಳಬೇಕಂತೆ, ಆಮೇಲೆ ನನ್ನ ಹೆಸರಲ್ಲಿ ಕೂಪನ್ ಕೋಡ್, ಮಾರಾಟದ ಮೇಲೆ 10% ಕಮಿಷನ್. ಒಪ್ಪಿಕೊಳ್ಳಲಾ? ಬೇಡ ಅಂದರೆ ಇಲ್ಲಿ ಯಾರ ಹತ್ತಿರ ಹೋಗಬೇಕು, ಏನು ತಗೊಂಡು ಹೋಗಬೇಕು? ಮುಂದಿನ ಸ್ಪರ್ಧೆಗೆ ಮೂರು ತಿಂಗಳಿದೆ.

ಗಂಗಾವತಿ_ಲಿಫ್ಟರ್:
ಅದು ಸ್ಪಾನ್ಸರ್ ಅಲ್ರೀ, ನೀವು ಅವರ ಗಿರಾಕಿ. ಲೆಕ್ಕ ಹಾಕ್ರಿ. ಒಂದು ಆರ್ಡರ್ 2,500 ಅಂತ ಹಿಡಿದ್ರ ನಿಮಗ 250. ಹಾಕಿದ 8,000 ವಾಪಸ್ ಬರಬೇಕಂದ್ರ 32 ಆರ್ಡರ್ ಬೇಕು. ನಿಮ್ಮ ಸ್ಟೋರಿ 600 ಮಂದಿ ನೋಡಿ, ನೂರಕ್ಕ ಒಬ್ಬ ಕೊಂಡ್ರ 6 ಆರ್ಡರ್ ಆತು. ಕಮಿಷನ್ ಯಾವುದರ ಮ್ಯಾಲ ಅಂತಾನೂ ಕೇಳ್ರಿ: ಎಂಆರ್‌ಪಿ ಮ್ಯಾಲೋ, ರಿಯಾಯಿತಿ ಮತ್ತ ಜಿಎಸ್‌ಟಿ ಕಳೆದು ಉಳಿದದ್ದರ ಮ್ಯಾಲೋ? "ತಿಂಗಳಿಗೆ ನಿಗದಿ ಎಷ್ಟು ಕೊಡ್ತೀರಿ" ಅಂತ ಒಂದ ಪ್ರಶ್ನೆ ಹಾಕ್ರಿ, ಉತ್ತರ ಬರದಿದ್ರ ಅಲ್ಲಿಗೇ ಬಿಡ್ರಿ. ಕೋಡ್ ಪುಕ್ಕಟೆ ಕೊಟ್ರ ತಗೋರಿ, ರೊಕ್ಕ ಕೊಟ್ಟು ಬ್ಯಾಡ.

ಕೌಲ್‌ಬಜಾರ್:
6,200 ದೊಡ್ಡ ಕಂಪನಿಗೆ ಏನೂ ಅಲ್ಲ. ಆದರೆ ಅದರಲ್ಲಿ ಅರ್ಧ ಜನ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಕಡೆಯವರಾದರೆ ಇಲ್ಲಿನ ಅಂಗಡಿಯವನಿಗೆ ಅದೇ ಬೇಕಾದದ್ದು. ಮುಂಬೈ ಹುಡುಗನ ಲಕ್ಷ ಫಾಲೋವರ್ಸ್ ಅವನ ಕೌಂಟರಿಗೆ ಬರೋದಿಲ್ಲವಲ್ಲ. ಇನ್‌ಸೈಟ್ಸ್‌ನಲ್ಲಿ ಊರುವಾರು ಪಟ್ಟಿ ಇರುತ್ತೆ, ಮೊದಲು ಅದನ್ನು ನೋಡಿ.

ಯಾರ ಹತ್ತಿರ ಅಂದರೆ, ಎಲ್ಲರೂ ಪ್ರೋಟೀನ್ ಡಬ್ಬದ ಅಂಗಡಿಗೇ ನುಗ್ತಾರೆ. ಜೀನ್ಸ್ ಊರಲ್ಲಿ ಕೂತು ಜೀನ್ಸ್ ಯೂನಿಟ್‌ಗಳನ್ನು ಯಾಕೆ ಬಿಡ್ತೀರಿ? ಸ್ಕ್ವಾಟ್ ಹೊಡೆಯೋರ ಗೋಳು ಗೊತ್ತಿದ್ದದ್ದೇ: ತೊಡೆಗೆ ಸರಿಯಾದರೆ ಸೊಂಟ ಸಡಿಲ, ಸೊಂಟಕ್ಕೆ ಸರಿಯಾದರೆ ತೊಡೆ ಬಿಗಿ. ಸ್ಟ್ರೆಚ್ ಡೆನಿಮ್‌ನಲ್ಲಿ ತೊಡೆ ಅಗಲ ಬಿಟ್ಟು ಒಂದು ಫಿಟ್ ಹೊಲಿಯುವ, ಇಲ್ಲವೇ 50 ಪೀಸ್ ಹೊಲಿದು ನೋಡಲು ಒಪ್ಪುವ ಯೂನಿಟ್ ಹುಡುಕಿ. ಅದನ್ನು ಹಾಕಿಕೊಂಡು ಪೂರ್ತಿ ಕೂತು ಏಳುವ 20 ಸೆಕೆಂಡಿನ ರೀಲ್ ಸಾಕು, ಮಾತೇ ಬೇಡ. ಆಮೇಲೆ ಮೊಟ್ಟೆ ಸಗಟು ವ್ಯಾಪಾರಿ, ಶೇಂಗಾ ಬೆಣ್ಣೆ ಮಾಡೋರು, ರಕ್ತ ಪರೀಕ್ಷೆ ಲ್ಯಾಬ್, ಶೂ ಅಂಗಡಿ.

ಕೈಯಲ್ಲಿ ಒಂದೇ ಪುಟ ಇರಲಿ. ಫೋಟೊ, ಎತ್ತರ, ವಿಭಾಗ, ಫಲಿತಾಂಶ (ಫೆಡರೇಷನ್ ಹೆಸರು, ವರ್ಷದ ಸಮೇತ, ಐದನೇ ಸ್ಥಾನವನ್ನು ಐದನೇ ಸ್ಥಾನ ಅಂತಲೇ ಬರೆಯಿರಿ, ವಿಚಾರಿಸುವವರು ಇದ್ದಾರೆ). ಕಳೆದ 30 ದಿನದ ರೀಚ್, ಸೇವ್, ಶೇರ್, ದಿನಾಂಕ ಕಾಣುವ ಸ್ಕ್ರೀನ್‌ಶಾಟ್. ಕೊನೆಗೆ ಏನು ಕೊಡ್ತೀರಿ, ಎಷ್ಟಕ್ಕೆ. ಬೆಲೆ ಬರೆಯದೆ "ನೀವೇ ನೋಡಿ ಕೊಡಿ" ಅಂದರೆ ಒಂದು ಟೀ ಶರ್ಟ್ ಕೊಟ್ಟು ಕಳಿಸ್ತಾರೆ.

ಮೂರು ತಿಂಗಳ ಒಪ್ಪಂದ ಕೇಳಿ: ತಿಂಗಳಿಗೆ 2 ರೀಲ್, 4 ಸ್ಟೋರಿ, ಒಂದು ಶನಿವಾರ ಸಂಜೆ 2 ಗಂಟೆ ಅಂಗಡಿಯಲ್ಲಿ. ನಿಮ್ಮ ಹೆಸರು ಹೇಳಿ ಬಂದವರಿಗೆ 5% ಕಡಿತ, ಆ ಬಿಲ್ಲಿನ ಮೇಲೆ ಒಂದು ಗುರುತು. ಕೊನೆಗೆ ಆ ಬಿಲ್ಲುಗಳನ್ನು ಎಣಿಸಿ. ಮುಂದಿನ ದೊಡ್ಡ ಬ್ರ್ಯಾಂಡಿನ ಮುಂದೆ ಇಡೋದು ಆ ಎಣಿಕೆಯನ್ನೇ, ಪದಕ ಆಮೇಲೆ.

ವೇದಿಕೆ ಮೇಲೆ ಲೋಗೊ ತೋರಿಸ್ತೀನಿ ಅಂತ ಮಾತ್ರ ಮಾತು ಕೊಡಬೇಡಿ. ಸ್ಪರ್ಧೆಯ ಉಡುಪಿನ ಮೇಲಿನ ಲೋಗೊಗೆ ಫೆಡರೇಷನ್‌ಗಳು ನಿರ್ಬಂಧ ಇಟ್ಟಿರ್ತವೆ, ನಿಯಮ ಓದಿ. ಕೊನೆಯ ನಾಲ್ಕು ವಾರ ಡಯಟ್‌ನಲ್ಲಿ ಮುಖ ಬಾಡಿರುತ್ತೆ, ದನಿಯೂ ಏಳಲ್ಲ. ಮಾತಾಡುವ ರೀಲ್‌ಗಳನ್ನು ಅದಕ್ಕೂ ಮುಂಚೆ ಶೂಟ್ ಮಾಡಿ ಇಟ್ಟುಕೊಳ್ಳಿ. ಟ್ಯಾನ್ (ವೇದಿಕೆಗಾಗಿ ಮೈಗೆ ಬಳಿಯುವ ಕಂದು ಬಣ್ಣ) ಹಚ್ಚಿದ ಮೇಲೆ ಅವರು ಕೊಟ್ಟ ಬಿಳಿ ಬಟ್ಟೆ ಮುಟ್ಟಬೇಡಿ, ಕಲೆ ಹೋಗಲ್ಲ.

ಕೋಟೆಗುಡ್ಡ_ಫಿಸೀಕ್:
ಜೀನ್ಸ್ ತಲೆಗೇ ಬಂದಿರಲಿಲ್ಲ. ತೋರಣಗಲ್ಲು ಕಡೆ ಉಕ್ಕಿನ ಕಾರ್ಖಾನೆಗಳು ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಅಂತ ಕಂಪನಿಗಳು ತೆಗೆದಿಡುವ) ದುಡ್ಡು ಕೊಡ್ತಾವಲ್ಲ, ಅಲ್ಲಿ ಅರ್ಜಿ ಹಾಕಬಹುದಾ?

ಹಟ್ಟಿ_ಲೆಕ್ಕಿಗ:
ಅದು ಬೇರೆ ದಾರಿ. ಕಂಪನಿ ಕಾಯ್ದೆ 2013ರ ಪಟ್ಟಿಯಲ್ಲಿರುವುದು ಗ್ರಾಮೀಣ, ರಾಷ್ಟ್ರೀಯ ಮನ್ನಣೆ ಪಡೆದ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ. ಬ್ರ್ಯಾಂಡ್ ಪ್ರಚಾರಕ್ಕಾಗಿ ಕೊಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ಲೋಗೊ ಹಾಕ್ತೀನಿ ಅಂತ ಬರೆದ ಅರ್ಜಿ ಅಲ್ಲೇ ಬಿತ್ತು. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಆವರಣದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕೂಡ ಕುಸ್ತಿ, ಬಾಕ್ಸಿಂಗ್, ಜೂಡೊದಂಥ ಒಲಿಂಪಿಕ್ ಕ್ರೀಡೆಗಳಿಗೆ. ಫಿಸೀಕ್‌ಗೆ ಅಲ್ಲ.

ಒಪ್ಪಂದ ಎರಡೇ ಪುಟ ಇರಲಿ, ಆದರೆ ಬರಹದಲ್ಲಿರಲಿ. ಜನ ಸಿಕ್ಕಿಬೀಳೋದು ಎರಡು ಸಾಲಿನಲ್ಲಿ. "ಬೇರೆ ಬ್ರ್ಯಾಂಡ್ ಮಾಡುವಂತಿಲ್ಲ" ಅಂತಿದ್ದರೆ ಯಾವ ವಸ್ತುವಿಗೆ ಅಂತ ಬರೆಸಿ. "ಜೀನ್ಸ್" ಅಂತಿರಲಿ, "ಉಡುಪು" ಅಂತಿದ್ದರೆ ನಾಳೆ ಟೀ ಶರ್ಟ್ ಒಪ್ಪಂದ ಕೈತಪ್ಪುತ್ತೆ. ಇನ್ನೊಂದು, ನಿಮ್ಮ ವಿಡಿಯೊ ಬಳಸುವ ಹಕ್ಕು. ಅವಧಿ ಹಾಕದಿದ್ದರೆ ನಿಮ್ಮ ಮೈಯನ್ನೇ ವರ್ಷಗಟ್ಟಲೆ ಜಾಹೀರಾತಾಗಿ ಓಡಿಸ್ತಾರೆ. 60 ಅಥವಾ 90 ದಿನ, ಮುಂದುವರಿಸಿದರೆ ಬೇರೆ ದುಡ್ಡು. ಅರ್ಧ ಹಣ ಮುಂಗಡ, ಉಳಿದದ್ದು ಬಿಲ್ ಕೊಟ್ಟ 15 ದಿನದೊಳಗೆ. ಗಾಯವಾದರೆ ಏನು ಅನ್ನೋದೂ ಒಂದು ಸಾಲು.

ವಸ್ತು ರೂಪದಲ್ಲಿ ಕೊಟ್ಟರೂ ತೆರಿಗೆ ಇದೆ. 2022ರ ಜುಲೈ 1ರಿಂದ, ವರ್ಷಕ್ಕೆ 20,000 ಮೀರಿದ ಉಚಿತ ವಸ್ತುವಿನ ಮೇಲೂ 10% ಟಿಡಿಎಸ್. ಪ್ಯಾನ್ ಕೇಳಿದರೆ ಗಾಬರಿ ಬೇಡ.

ರೀಲ್ ಮೇಲೆ "ಜಾಹೀರಾತು" ಅಂತ ಹಾಕಲೇಬೇಕು. ಎಎಸ್‌ಸಿಐ (ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ) ನಿಯಮದಂತೆ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್, 2 ನಿಮಿಷದೊಳಗಿನದಾದರೆ ಅದರ ಮೂರನೇ ಒಂದು ಭಾಗದಷ್ಟು ಹೊತ್ತು ಆ ಪದ ಕಾಣಬೇಕು. ನಿಮ್ಮ 20 ಸೆಕೆಂಡಿಗೆ 7 ಸೆಕೆಂಡ್ ಇಟ್ಟರೆ ಸರಿ.

ಮಾವಿನಕೆರೆ_ಲ್ಯಾಪ್:
ಸಪ್ಲಿಮೆಂಟ್ ಬ್ರ್ಯಾಂಡ್ ಮುಂದೆ ಸಿಕ್ಕೇ ಸಿಗುತ್ತೆ, ಆಗಿನ ಮಾತು. ಡಬ್ಬದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಆಹಾರ ಪರವಾನಗಿ ಅಷ್ಟೇ, ಡೋಪಿಂಗ್ ಪರೀಕ್ಷೆ ಆದ ಗುರುತಲ್ಲ. ನಾಡಾ (ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ) ಪರೀಕ್ಷೆಯಲ್ಲಿ ನಿಷೇಧಿತ ಪದಾರ್ಥ ಸಿಕ್ಕರೆ "ಕಂಪನಿ ಕೊಟ್ಟದ್ದು" ಅಂದರೆ ನಡೆಯಲ್ಲ, ಮೈಯಲ್ಲಿ ಸಿಕ್ಕದ್ದಕ್ಕೆ ಹೊಣೆ ನಿಮ್ಮದೇ. ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತಿನ ಉತ್ಪನ್ನ ಬ್ಯಾಚ್ ಬ್ಯಾಚ್ ಪರೀಕ್ಷೆಯಾಗಿರುತ್ತೆ. ಡಬ್ಬದ ಬ್ಯಾಚ್ ಸಂಖ್ಯೆಯನ್ನು ಇನ್‌ಫಾರ್ಮ್ಡ್ ಸ್ಪೋರ್ಟ್ ತಾಣದಲ್ಲಿ ಹುಡುಕಿ ನೋಡಿ. ಸೀಲ್ ಒಡೆಯುವ ಮುಂಚೆ ಬ್ಯಾಚ್ ಸಂಖ್ಯೆಯ ಫೋಟೊ, ಮುಗಿಯೋವರೆಗೆ ಡಬ್ಬ ಎಸೆಯಬೇಡಿ. ಪ್ರಿ-ವರ್ಕೌಟ್ ಮತ್ತು "ಫ್ಯಾಟ್ ಬರ್ನರ್" ಬಗ್ಗೆ ಇನ್ನೂ ಹುಷಾರು, ಹೇಳದೆ ಸೇರಿಸಿದ ಉತ್ತೇಜಕಗಳು ಹೆಚ್ಚಾಗಿ ಸಿಗೋದು ಅವುಗಳಲ್ಲೇ.

ಕೋಟೆಗುಡ್ಡ_ಫಿಸೀಕ್:
ಕೋಡ್ ಕಂಪನಿಗೆ ನಿಗದಿ ಎಷ್ಟು ಅಂತ ಕೇಳಿದೆ, ಬ್ಲೂ ಟಿಕ್ ಆಗಿದೆ, ಉತ್ತರ ಇಲ್ಲ. ಜೀನ್ಸ್ ಯೂನಿಟ್‌ಗೆ ಮೊದಲು ಫೋನೋ, ನೇರ ಹೋಗೋದೋ?

ಕೌಲ್‌ಬಜಾರ್:
ನೇರ ಹೋಗಿ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ದಸರಾ-ದೀಪಾವಳಿ ಆರ್ಡರ್ ಹೊಲಿಯುವ ಸಮಯದಲ್ಲಿ ಮಾಲೀಕರು ತಲೆ ಎತ್ತೋದಿಲ್ಲ. ಪುಟ ಕೊಟ್ಟು, ಅವರದೇ ಒಂದು ಪೀಸ್ ಹಾಕಿ ಅಲ್ಲೇ ಕೂತು ಎದ್ದು ತೋರಿಸಿ. ವಾರದ ನಂತರ ಒಂದು ಫೋನ್, ಇನ್ನೊಂದು ವಾರಕ್ಕೆ ಇನ್ನೊಂದು, ಆಮೇಲೆ ಪಕ್ಕದ ಯೂನಿಟ್.